ಸ್ಪಷ್ಟನೆ: ನಮ್ಮ ಗ್ರೇಟ್ ಡೇನ್ ನಾಯಿಮರಿಗೆ ಕ್ಯಾಲ್ಸಿಯಂ ಸಿರಪ್ ಬೇಡ

ಮೈಸೂರಿನ ಕುವೆಂಪುನಗರದಲ್ಲಿ ನಮಗೆ ಸಿಕ್ಕ ಗ್ರೇಟ್ ಡೇನ್ ಮರಿ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಕ್ಯಾಲ್ಸಿಯಂ ಸಾಲದೆ ಕಾಲು ಸೊಟ್ಟಗಾಗಿದೆ, ಸಿರಪ್ ಕೊಡಿ. ಮೊದಲು ಬಂದವರಿಗೆ ಮರಿ.'

ದಯವಿಟ್ಟು ಸಿರಪ್ ತರಬೇಡಿ, ಆಗಲೇ ಆರು ಬಾಟಲಿ ಬಂದು ಕೂತಿವೆ. ಎಳೆ ಮರಿಗಳ ಕರುಳು ಜಾಸ್ತಿಯಾದ ಕ್ಯಾಲ್ಸಿಯಂ ಅನ್ನು ಸರಿಯಾಗಿ ತಡೆಯುವುದಿಲ್ಲ. ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳಲ್ಲಿ ಇದರಿಂದ ಮೂಳೆ ಗಟ್ಟಿಯಾಗುವ ಬದಲು ಬೆಳವಣಿಗೆಯೇ ಹದಗೆಡಬಹುದು. ತುರುಕಿ ತುರುಕಿ ತಿನ್ನಿಸಿ ದಪ್ಪ ಮಾಡಿದರೂ ಕೀಲಿಗೆ ತೊಂದರೆ. ಡಾಕ್ಟರ್ ಹೇಳಿದಷ್ಟೇ ಊಟ ಅಳೆದು ಹಾಕುತ್ತಿದ್ದೇವೆ. ನೆಲದಲ್ಲಿ ಕಾಲು ಜಾರದಿರಲಿ ಅಂತ ಗೋಣಿಚೀಲ ಹಾಸಿದ್ದೇವೆ; ಅದನ್ನೂ ಕಚ್ಚಿ ಎಳೀತಾನೆ, ಬಿಡಿ.

ಮರಿ ಕೊಡುವುದಕ್ಕೆ ದುಡ್ಡು ಕೇಳುವುದಿಲ್ಲ, ನಿಜ. ಆದರೆ ಮೊದಲು ಬಂದವರಿಗಲ್ಲ; ಲಸಿಕೆ ಮುಗಿದ ಮೇಲೆ, ಮನೆ ನೋಡಿಯೇ ಕೊಡುವುದು. ಬೆಳೆದರೆ 50 ಕಿಲೋ ದಾಟುವ ನಾಯಿ ಇವನು. ಲಿಫ್ಟ್ ಇಲ್ಲದ ಮೂರನೇ ಮಹಡಿಯವರು ಸ್ವಲ್ಪ ಯೋಚಿಸಿ.