ಪ್ರೊಟೊಟೈಪ್ ತೋರಿಸ್ತೀರಿ ಸರಿ, ಡಂಪ್ ತೆಗೆದಿದ್ದೀರಾ?

ಹಳೆಯ ಹೋಮ್ ಕಂಪ್ಯೂಟರುಗಳ ಮೇಳದಲ್ಲಿ ಜನ ಮುತ್ತಿಕೊಳ್ಳೋದು ಪ್ರೊಟೊಟೈಪ್ ಇಟ್ಟ ಟೇಬಲ್ಲನ್ನೇ. ಅಂಗಡಿಗೇ ಬಾರದ ಯಂತ್ರ ಅಂದ್ರೆ ಯಾರಿಗೆ ಕುತೂಹಲ ಇರಲ್ಲ? ನಾನೂ ಇಣುಕುವವನೇ. ಆದರೆ ಅದರ ಮಾಲೀಕರು "ಒಳಗಿರೋ ಪ್ರೋಗ್ರಾಂ ಯಾರಿಗೂ ಕೊಟ್ಟಿಲ್ಲ" ಅಂತ ಹೆಮ್ಮೆಯಿಂದ ಹೇಳಿದಾಗ ಮೈ ಉರಿಯುತ್ತೆ. ಚಿಪ್ಪಿನೊಳಗಿನ ಪ್ರೋಗ್ರಾಮನ್ನ ಓದಿ ಫೈಲಾಗಿ ತೆಗೆದಿಟ್ಟ ನಕಲಿಗೇ ಡಂಪ್ ಅನ್ನೋದು.

ಪ್ರೊಟೊಟೈಪುಗಳಲ್ಲಿ ಸಾಮಾನ್ಯವಾಗಿ ಪ್ರೋಗ್ರಾಂ ಇರೋದು ಈಪ್ರಾಮ್ ಚಿಪ್ಪಿನಲ್ಲಿ. ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ, ಅದರ ಮೇಲೊಂದು ಸ್ಟಿಕ್ಕರ್. ಬರೆದದ್ದೆಲ್ಲ ನಿಂತಿರೋದು ಒಳಗೆ ಸಿಕ್ಕಿಹಾಕಿಕೊಂಡ ವಿದ್ಯುದಂಶದ ಮೇಲೆ. ನೇರಳಾತೀತ ಬೆಳಕು ಬಿದ್ದರೆ ಅಳಿಯುತ್ತೆ. ಬೀಳದಿದ್ದರೂ ದಶಕಗಳಲ್ಲಿ ಸೋರಿಹೋಗುತ್ತೆ. ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಆ ಸೋರಿಕೆ ನಿಲ್ಲಲ್ಲ.

ಕಮೊಡೋರ್ ಕಂಪನಿಯ, ಅಂಗಡಿಗೆ ಬಾರದ ಹೋಮ್ ಕಂಪ್ಯೂಟರ್ ಕಮೊಡೋರ್ 65 ನೋಡಿ. 128 ಕಿಲೋಬೈಟ್ ಮೆಮೊರಿ, 3.5 ಇಂಚಿನ ಫ್ಲಾಪಿ ಡ್ರೈವ್ ಮೈಯಲ್ಲೇ ಇತ್ತು. 1991ರಲ್ಲಿ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು. 1994ರಲ್ಲಿ ಕಂಪನಿಯೂ ದಿವಾಳಿಯಾಗಿ, ಉಳಿದ ಪ್ರೊಟೊಟೈಪುಗಳು ಹಳೇ ಸಾಮಾನಿನ ಜೊತೆ ಮಾರಾಟವಾದವು. ಸ್ವಾರಸ್ಯ ಏನಂದ್ರೆ, ಎಲ್ಲದರಲ್ಲೂ ಒಂದೇ ಪ್ರೋಗ್ರಾಂ ಇರಲಿಲ್ಲ. ಅದರೊಳಗಿನ ಪ್ರೋಗ್ರಾಮಿಂಗ್ ಭಾಷೆ ಬೇಸಿಕ್ ಇನ್ನೂ ಅರೆಬರೆ, ಒಂದೊಂದರಲ್ಲಿ ಒಂದೊಂದು ಹಂತದ್ದು. ಹಾಗಾಗಿ ಒಂದರ ಡಂಪ್ ಸಿಕ್ಕಿದೆ ಅಂತ ಇನ್ನೊಂದನ್ನ ಬಿಡೋ ಹಾಗಿಲ್ಲ. ಸಿಕ್ಕ ಡಂಪುಗಳನ್ನೂ ದಾಖಲೆಗಳನ್ನೂ ಇಟ್ಟುಕೊಂಡು ಹವ್ಯಾಸಿಗಳು ಎಫ್‌ಪಿಜಿಎ (ಬೇಕಾದ ಸರ್ಕ್ಯೂಟಾಗಿ ಹೊಂದಿಸಿಕೊಳ್ಳಬಹುದಾದ ಚಿಪ್) ಮೇಲೆ ಅದರ ಮರುಸೃಷ್ಟಿ ಮೆಗಾ65 ಕಟ್ಟಿದರು. 2022ರಲ್ಲಿ ಅದು ಜನರ ಮನೆಗೂ ಬಂತು. ಎಲ್ಲರೂ ಬಚ್ಚಿಟ್ಟುಕೊಂಡಿದ್ದರೆ ಬರ್ತಿತ್ತಾ?

"ನಕಲು ಹೊರಬಿದ್ರೆ ನನ್ನ ಯಂತ್ರದ ಬೆಲೆ ಬೀಳುತ್ತೆ" ಅನ್ನೋ ವಾದ ಇದೆ. ಪೊಳ್ಳು. ಆಪಲ್ ಕಂಪನಿಯ ಮೊದಲ ಕಂಪ್ಯೂಟರ್ ಆಪಲ್-1 ಒಳಗಿದ್ದ ಮಾನಿಟರ್ (ಮೆಮೊರಿ ನೋಡಿ ಬದಲಿಸೋ ಪುಟ್ಟ ಪ್ರೋಗ್ರಾಂ) ಬರೀ 256 ಬೈಟು, ಯಾರು ಬೇಕಾದರೂ ಓದಬಹುದು. ಅದರ ಪ್ರತಿಕೃತಿಗಳನ್ನ ಜನ ಮನೆಯಲ್ಲೇ ಬೆಸುಗೆ ಹಾಕಿ ಮಾಡ್ತಾರೆ. ಆದರೂ 1976ರಲ್ಲಿ 666.66 ಡಾಲರಿಗೆ ಮಾರಿದ್ದ ಆ ಬೋರ್ಡು 2014ರ ಹರಾಜಿನಲ್ಲಿ 9,05,000 ಡಾಲರಿಗೆ ಹೋಯ್ತು.

ನಕಲಿಗೆ ಪೂರ್ತಿ ಸಿಗದ ಸಂಗತಿಗಳೂ ಇವೆ, ಒಪ್ಪುತ್ತೇನೆ. ಕಮೊಡೋರ್ 64ರಲ್ಲಿ ಸದ್ದು ಹುಟ್ಟಿಸೋ ಸಿಡ್ ಚಿಪ್ಪಿನ ಫಿಲ್ಟರ್ ಅನಲಾಗ್. ಸಿಡ್‌ನ ಹಳೆಯ ಮಾದರಿಯಾದ 6581 ಚಿಪ್ಪುಗಳಲ್ಲಿ ಎರಡನ್ನ ಅಕ್ಕಪಕ್ಕ ಇಟ್ಟರೆ ಅದೇ ಹಾಡು ಬೇರೆಬೇರೆ ಥರ ಕೇಳುತ್ತೆ. ಅದಕ್ಕೇ ನನಗೆ ಹಳದಿ ತಿರುಗಿದ, ಆದರೆ ಆನ್ ಮಾಡಿಟ್ಟ ಯಂತ್ರಗಳ ಟೇಬಲ್ಲೇ ಹೆಚ್ಚು ಇಷ್ಟ. 1982ರ ಹೋಮ್ ಕಂಪ್ಯೂಟರ್ ಸ್ಪೆಕ್ಟ್ರಮ್ಮಿನ ರಬ್ಬರ್ ಕೀ ಒತ್ತಿ, ಕ್ಯಾಸೆಟ್ಟಿನ ಕಿರುಚಾಟ ಕೇಳ್ತಾ ಗೇಮ್ ಲೋಡ್ ಆಗೋವರೆಗೆ ನಾಲ್ಕೈದು ನಿಮಿಷ ಕಾಯಬೇಕು. (ಕೊನೇ ಗಳಿಗೆಯಲ್ಲಿ ಲೋಡಿಂಗ್ ಎರರ್ ಬಂದ್ರೆ ಮೊದಲಿಂದ ಶುರು.) ಇದನ್ನ ಫೋಟೋದಲ್ಲಿ ಹೇಗೆ ತೋರಿಸ್ತೀರಿ?

ಮೇಳ ನಡೆಸೋರಿಗೆ ನನ್ನ ಬೇಡಿಕೆ ಇಷ್ಟೇ. ಪ್ರೊಟೊಟೈಪ್ ಟೇಬಲ್ಲಿನ ಪಕ್ಕ ಒಂದು ಈಪ್ರಾಮ್ ರೀಡರ್, ಅದನ್ನ ಬಳಸಲು ಬಲ್ಲ ಒಬ್ಬರು. ಚಿಪ್ಪು ಬಿಚ್ಚಿ ಓದಿಸೋಕೆ ಮಾಲೀಕರು ಒಪ್ಪಿದರೆ ಕಪಾಟಿನಲ್ಲಿ ಒಳ್ಳೇ ಜಾಗ ಕೊಡಿ. ಒಪ್ಪದವರಿಗೆ ಹಿಂದಿನ ಸಾಲು ಸಾಕು.