ಬೇಲಿಯ ಹಲಗೆಗೆ ಸರಿಯಾದ ಲೆಕ್ಕ ಕೊಡುವವರಿಲ್ಲ

ಕೊಪ್ಪಳದಲ್ಲಿ ಹಿತ್ತಲಿಗೆ ಮರೆಯಾಗುವಂತೆ ಮರದ ಬೇಲಿ ಹಾಕಿಸಬೇಕೆಂದರೆ, ಎಷ್ಟು ಕಟ್ಟಿಗೆ ಬೇಕೆಂಬ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವವರೇ ಸಿಗುವುದಿಲ್ಲ. ಕಟ್ಟಿಗೆ ಅಡ್ಡೆಯವರದು ಘನ ಅಡಿಯ ಲೆಕ್ಕ, ಬಡಿಗೇರರದು ಹಲಗೆಯ ಲೆಕ್ಕ. ಎರಡನ್ನೂ ತಾಳೆ ಹಾಕುವ ಕೆಲಸ ಮಾತ್ರ ಹಣ ಕೊಡುವವನದು. 60 ಅಡಿ ಉದ್ದದ ಬೇಲಿಗೆ 6 ಇಂಚು ಅಗಲದ 120 ಹಲಗೆ ಸಾಕೆಂದು ಹೇಳಿ ಮುಂಗಡ ಪಡೆಯುತ್ತಾರೆ. ಆದರೆ ರಂದ ಹೊಡೆದು ನುಣುಪು ಮಾಡಿದ ಮೇಲೆ ಅದೇ ಹಲಗೆ ಐದೂವರೆ ಇಂಚಿಗೆ ಇಳಿಯುವುದರಿಂದ 131 ಹಲಗೆಗಳು ಬೇಕಾಗುತ್ತವೆ ಎಂಬುದನ್ನು ಯಾರೂ ಮೊದಲೇ ತಿಳಿಸುವುದಿಲ್ಲ. ಕಟ್ಟಿಗೆ ಹಸಿಯಾಗಿದ್ದರಂತೂ ನಮ್ಮ ಏಪ್ರಿಲ್ ಬಿಸಿಲಿಗೆ ಇನ್ನಷ್ಟು ಕುಗ್ಗಿ ಸಂದಿ ಬಿಡುತ್ತದೆ, ಮರೆಗೆಂದು ಕಟ್ಟಿಸಿದ ಬೇಲಿಯಿಂದ ಇಡೀ ಓಣಿ ಕಾಣುತ್ತದೆ. ಕಂಬಗಳ ಅಂತರ 8 ಅಡಿ ಮೀರದಂತೆ ನೆಟ್ಟರೆ 8 ಅಂಕಣಗಳಾಗುತ್ತವೆ, ಕಂಬಗಳು ಮಾತ್ರ 9 ಬೇಕು. ಇಷ್ಟು ಸಣ್ಣ ವಿಷಯವೂ ಕೊಟೇಶನ್ನಿನಲ್ಲಿ ತಪ್ಪಿರುತ್ತದೆ. ಕಡಿಮೆ ಬಿದ್ದ ಹಲಗೆಗಳನ್ನು ಆಮೇಲೆ ತರಲು ಹೋದರೆ ದರವೂ ಬೇರೆ, ಕಟ್ಟಿಗೆಯ ಬಣ್ಣವೂ ಬೇರೆ, ಮೇಲೆ ಮತ್ತೊಮ್ಮೆ ಟಂಟಂ ಬಾಡಿಗೆ. ಹೆಚ್ಚಾಗಿ ತಂದರೋ, ಕತ್ತರಿಸಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ರಂದ ಹೊಡೆದ ನಂತರ ಉಳಿಯುವ ಅಗಲವನ್ನು ಆ ಕೊಟೇಶನ್ ಚೀಟಿಯಲ್ಲೇ ಬರೆದುಕೊಡುವುದಕ್ಕೆ ಇವರಿಗೆ ಏನು ಅಡ್ಡಿ?