ಕಾರಿನ ಮೂತಿಗೊಂದು ಬಿಲ್ಲೆ

ಕಾರಿನಲ್ಲಿ ಪ್ರತಿಯೊಂದಕ್ಕೂ ಒಂದು ಕೆಲಸ ಇದೆ. ವೈಪರ್ ನೀರು ಒರೆಸಬೇಕು, ಹಾರ್ನ್ ಕೂಗಬೇಕು, ಪಕ್ಕದ ಕನ್ನಡಿ ಹಿಂದೆ ಬರುವವರನ್ನು ತೋರಿಸಬೇಕು. ಗ್ರಿಲ್ ಮೇಲೆ ನಾವೇ ಆಸೆಪಟ್ಟು ಹಾಕಿಕೊಳ್ಳುವ ಬಿಲ್ಲೆಗೆ, ಅಂದರೆ ಬ್ಯಾಡ್ಜಿಗೆ, ಮಾತ್ರ ಅಂಥದ್ದೇನೂ ಇಲ್ಲ. ಎಲ್ಲರಿಗಿಂತ ಮುಂದೆ ಕೂತು ಹೊಳೆದರೆ ಮುಗಿಯಿತು. ಹಾಗಂತ ಅದನ್ನು ಕೂರಿಸುವುದು ಸುಲಭ ಅಂದುಕೊಳ್ಳಬೇಡಿ. ಚಕ್ರ ಬದಲಿಸುವವನಿಗೂ ಇಷ್ಟು ತಲೆನೋವಿಲ್ಲ. ಚಕ್ರದ ನಟ್ಟು ಎಲ್ಲಿ ಕೂರಬೇಕು ಅಂತ ಕಾರು ಮಾಡಿದವರೇ ತೀರ್ಮಾನಿಸಿ ತೂತು ಕೊರೆದಿರುತ್ತಾರೆ. ಬಿಲ್ಲೆಗೆ ಅಂಥ ಕಾಯ್ದಿಟ್ಟ ಜಾಗ ಇಲ್ಲ. ಗ್ರಿಲ್ ಇರುವುದೇ ಗಾಳಿ ಒಳಗೆ ಹೋಗಲಿ ಅಂತ. ಅದರಲ್ಲಿ ಪಟ್ಟಿಗಿಂತ ತೂತೇ ಜಾಸ್ತಿ. ತೂತಿಗೆ ಏನನ್ನು ಅಂಟಿಸುತ್ತೀರಿ?

ಬಿಲ್ಲೆಗೂ ಕೈತುಂಬ ಕೆಲಸವಿದ್ದ ಕಾಲ ಒಂದಿತ್ತು. 1905ರಲ್ಲಿ ಇಂಗ್ಲೆಂಡಿನಲ್ಲಿ ಆಟೊಮೊಬೈಲ್ ಅಸೋಸಿಯೇಶನ್ ಶುರುವಾಯಿತು. ವೇಗ ಅಳೆಯಲು ರಸ್ತೆ ಪಕ್ಕ ಅಡಗಿ ಕೂರುತ್ತಿದ್ದ ಪೊಲೀಸರಿಂದ ಕಾರಿನವರನ್ನು ತಪ್ಪಿಸುವುದೇ ಆಗ ಅದರ ಮುಖ್ಯ ಉದ್ಯೋಗ. ವೇಗದ ಮಿತಿ ಗಂಟೆಗೆ 20 ಮೈಲಿ! ಮರುವರ್ಷ ಸದಸ್ಯರ ಕಾರುಗಳಿಗೆ ಬಿಲ್ಲೆ ಬಂತು. ರಸ್ತೆ ಕಾಯುವ ಸಂಘದ ಹುಡುಗರು ಬಿಲ್ಲೆ ಕಂಡ ಕಾರಿಗೆಲ್ಲ ಸಲ್ಯೂಟ್ ಹೊಡೆಯುತ್ತಿದ್ದರು. ಮುಂದೆ ಪೊಲೀಸರಿದ್ದಾರೆ ಅಂತ ಎಚ್ಚರಿಸುವುದು ಅಪರಾಧ ಎಂದು ಕೋರ್ಟಿನಲ್ಲಿ ತೀರ್ಮಾನವಾದ ಮೇಲೆ ಸಂಘದವರು ಒಂದು ಉಪಾಯ ಹೂಡಿದರು. ನಮ್ಮ ಹುಡುಗ ಸಲ್ಯೂಟ್ ಹೊಡೆಯದಿದ್ದರೆ ಗಾಡಿ ನಿಲ್ಲಿಸಿ ಯಾಕೆ ಅಂತ ಕೇಳಿ, ಅಂದರು. ಸಲ್ಯೂಟ್ ಹೊಡೆಯದವನನ್ನು ಯಾವ ಕಾನೂನು ಹಿಡಿದೀತು? ಈಗ ಯೋಚಿಸಿ, ಅಂಥ ದಿನಗಳಲ್ಲಿ ಬಿಲ್ಲೆ ಎಲ್ಲೋ ದಾರಿಯಲ್ಲಿ ಉದುರಿಹೋಗಿದ್ದರೆ? ಯಾವ ಹುಡುಗನೂ ಸಲ್ಯೂಟ್ ಹೊಡೆಯುವುದಿಲ್ಲ. ಕಾರಿನವನು ಪ್ರತಿ ತಿರುವಿನಲ್ಲೂ ಪೊಲೀಸರಿದ್ದಾರೆ ಅಂದುಕೊಂಡು ಆಮೆ ನಡಿಗೆಯಲ್ಲಿ ಮನೆ ಸೇರಬೇಕು.

ಬಿಲ್ಲೆ ಹಾಕುವವರೆಲ್ಲ ಮೊದಲು ಹೆದರುವುದು ಗಾಳಿಗೆ. ಹೈವೇ ಮೇಲೆ ಹೋಗುವಾಗ ಹಾರಿಹೋದರೆ? ಈ ಹೆದರಿಕೆಗೆ ಆಧಾರ ಕಮ್ಮಿ. ಅಂಗೈಯಗಲದ, ಅಂದರೆ 10 ಸೆಂಟಿಮೀಟರ್ ಅಡ್ಡಳತೆಯ ದುಂಡು ಬಿಲ್ಲೆ ತಗೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಗಾಳಿ ಹಾಕುವ ಒತ್ತಡ ಹೆಚ್ಚೆಂದರೆ 400 ಗ್ರಾಂ ತೂಕದಷ್ಟು. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ ನಿಜ. ಆದರೂ ಒಂದೂವರೆ ಕಿಲೋ ಚಿಲ್ಲರೆ. ಅದಕ್ಕಿಂತ ಮುಖ್ಯವಾದದ್ದು, ಗಾಳಿ ಬರುವುದು ಮುಂದಿನಿಂದ. ಅದು ಬಿಲ್ಲೆಯನ್ನು ಕೀಳುವುದಿಲ್ಲ, ಗ್ರಿಲ್ಲಿಗೆ ಒತ್ತುತ್ತದೆ. ಗಾಳಿ ನಮ್ಮ ಪಕ್ಷದ್ದು!

ನಿಜವಾದ ಶತ್ರು ನಡುಕ. ಎಂಜಿನ್ನಿನ ಗುಂಯ್‌ಗುಡುವಿಕೆ, ಬಾನೆಟ್ ಮುಚ್ಚಿದಾಗಿನ ಧಡಕ್, ರಸ್ತೆಯ ಗುಂಡಿ, ಎಲ್ಲಾ ಸೇರಿ ದಿನವಿಡೀ ಬಿಲ್ಲೆಯನ್ನು ಹಿಡಿದಿಟ್ಟ ಪುಟ್ಟ ಬೋಲ್ಟನ್ನು ಅಲುಗಿಸುತ್ತಲೇ ಇರುತ್ತವೆ. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲಿ ಇದರ ಗುಟ್ಟು ಬಿಡಿಸಿ ತೋರಿಸಿದ. ಬೋಲ್ಟಿನ ಉದ್ದಕ್ಕೆ ಎಳೆದಾಡಿದರೆ ನಟ್ಟು ಅಷ್ಟು ಬೇಗ ಸಡಿಲವಾಗುವುದಿಲ್ಲ. ಅಡ್ಡಡ್ಡ ಅಲುಗಿದರೆ ಮಾತ್ರ ತಿರುಪು ಒಂದರ ಮೇಲೊಂದು ಜಾರಿ, ಹಿಡಿತ ತಪ್ಪಿ, ಯಾರೂ ಮುಟ್ಟದಿದ್ದರೂ ನಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅವನ ಹೆಸರಿನ ಪರೀಕ್ಷಾ ಯಂತ್ರದಲ್ಲಿ ಇವತ್ತಿಗೂ ನಟ್ಟುಗಳನ್ನು ಪರೀಕ್ಷೆಗೆ ಕೂರಿಸುತ್ತಾರೆ. ಪಾಪ, ಅದರಲ್ಲಿ ಮರ್ಯಾದೆ ಕಳೆದುಕೊಂಡದ್ದು ಸ್ಪ್ರಿಂಗ್ ವಾಷರ್. ತಲೆಮಾರುಗಳಿಂದ ಎಲ್ಲರೂ ನಂಬಿಕೊಂಡು ಬಂದ ಆ ಸೀಳು ಬಳೆ ಅಡ್ಡ ಅಲುಗಾಟದ ಎದುರು ಹೆಚ್ಚುಕಮ್ಮಿ ಅಲಂಕಾರಕ್ಕಿದ್ದ ಹಾಗೆ. ಹಾಗಾಗಿ ನನ್ನ ಓಟು ನೈಲಾಕ್ ನಟ್ಟಿಗೆ. ಅದರ ಬಾಯಲ್ಲೊಂದು ನೈಲಾನ್ ಉಂಗುರ ಇರುತ್ತದೆ. ಬೋಲ್ಟಿನ ತಿರುಪನ್ನು ಅದು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಒಂದರ ಹಿಂದೆ ಒಂದು ಎರಡು ನಟ್ಟು ಕೂರಿಸಿ ಎದುರುಬದುರು ಬಿಗಿದರೂ ಆದೀತು. ತಿರುಪಿಗೆ ಸವರುವ ನೀಲಿ ಬಣ್ಣದ ಥ್ರೆಡ್‌ಲಾಕರ್ ಅಂಟೂ ಒಳ್ಳೆಯದೇ. ಆದರೆ ಗ್ರಿಲ್ ಎಬಿಎಸ್ ಪ್ಲಾಸ್ಟಿಕ್ಕಿನದ್ದಾದರೆ ಆ ಅಂಟು ತಾಗಿದ ಕಡೆ ಸೀಳು ಬಿಡಬಹುದು. ಅಂಥ ಕಡೆ ಅದರ ಸಹವಾಸ ಬೇಡ.

ಗ್ರಿಲ್ ಬಿಲ್ಲೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ಬೋಲ್ಟ್ ಇರುತ್ತವೆ. ಗ್ರಿಲ್ಲಿನ ಪಟ್ಟಿಗಳ ಸಂದಿಯಿಂದ ಅವನ್ನು ತೂರಿಸಿ, ಆಚೆ ಕಡೆಯಿಂದ ಒಂದು ತಗಡಿನ ಪಟ್ಟಿ ಕೊಟ್ಟು, ನಟ್ಟು ಬಿಗಿಯಬೇಕು. ಬಿಲ್ಲೆಗೂ ಪಟ್ಟಿಗೂ ನಡುವೆ ಗ್ರಿಲ್ ಸಿಕ್ಕಿಕೊಂಡು ಬಿಲ್ಲೆ ನಿಲ್ಲುತ್ತದೆ. ಒಂದು ತೂತೂ ಕೊರೆಯಬೇಕಾಗಿಲ್ಲ. ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ.

ಹೇಳುವುದಕ್ಕೆ ಎರಡು ಮಾತು. ಮಾಡುವಾಗ ನೋಡಬೇಕು. ಬಿಲ್ಲೆಯ ಚಂದವೆಲ್ಲ ಮುಂದೆ, ದುಡಿಮೆಯೆಲ್ಲ ಹಿಂದೆ. ಆ ಹಿಂದಿಗೆ ಕೈ ಹೋಗುವುದೇ ಇಲ್ಲ. ಬಾನೆಟ್ ಎತ್ತಿ, ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಕ್ಲಿಪ್ಪುಗಳನ್ನು ಒಂದೊಂದೇ ಎಬ್ಬಿಸಬೇಕು. ಒಂದಾದರೂ ಟಪ್ ಅಂತ ಮುರಿಯುತ್ತದೆ, ಅದು ಲೆಕ್ಕಕ್ಕಿಲ್ಲ ಬಿಡಿ. ಆಮೇಲೆ ಗ್ರಿಲ್ಲಿಗೂ ಅದರ ಹಿಂದಿರುವ ಎಸಿಯ ಕಂಡೆನ್ಸರಿಗೂ ನಡುವಿನ ಸಂದಿಯಲ್ಲಿ ಕೈ ಇಳಿಬಿಟ್ಟು ಬೆರಳ ತುದಿಯಲ್ಲೇ ಬೋಲ್ಟ್ ಹುಡುಕಬೇಕು. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ನಟ್ಟು ಜಾರಿ ಬಿದ್ದರೆ ನೆಲಕ್ಕೂ ಬೀಳುವುದಿಲ್ಲ. ಟಿಣ್, ಟಿಣ್ ಅಂತ ಎರಡು ಸದ್ದು ಮಾಡಿ ಬಂಪರಿನ ಒಳಗಿನ ಯಾವುದೋ ತಟ್ಟೆಯಲ್ಲಿ ಹೋಗಿ ಕೂರುತ್ತದೆ. ಅದಕ್ಕೇ ತಿಳಿದವರು ಬೆರಳಿಗೆ ಚೂರು ಗ್ರೀಸ್ ಸವರಿ ನಟ್ಟನ್ನು ಅದಕ್ಕೆ ಅಂಟಿಸಿಕೊಂಡೇ ಒಳಗೆ ಕೈ ಹಾಕುತ್ತಾರೆ. ಇನ್ನು ಕೆಲವರು ಕಡ್ಡಿಯ ತುದಿಗೆ ಅಯಸ್ಕಾಂತ ಕಟ್ಟಿಟ್ಟುಕೊಂಡಿರುತ್ತಾರೆ. ಕಬ್ಬಿಣದ ನಟ್ಟಿಗೆ ಅದು ಸರಿ. ಹಿತ್ತಾಳೆಯದ್ದಾದರೆ ಬಗ್ಗಿ ಹುಡುಕಬೇಕು, ಅಷ್ಟೆ.

ಎಷ್ಟು ಬಿಗಿಯಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಹಳೇ ಕಾಲದ ಒಳ್ಳೆ ಬಿಲ್ಲೆಗಳ ಮೇಲಿನ ಬಣ್ಣ ಬಣ್ಣವಲ್ಲ, ಗಾಜು. ಪುಡಿ ಮಾಡಿದ ಗಾಜನ್ನು ಲೋಹದ ಮೇಲೆ ಹರಡಿ ಕುಲುಮೆಯಲ್ಲಿ ಕರಗಿಸಿ ಕೂರಿಸಿದ ಎನಾಮಲ್ ಅದು. ಹಿಂದಿನಿಂದ ಜಾಸ್ತಿ ಎಳೆದರೆ ಲೋಹ ಚೂರು ಬಗ್ಗುತ್ತದೆ. ಲೋಹ ಬಗ್ಗಬಲ್ಲದು, ಗಾಜು ಬಗ್ಗಲಾರದು. ಕೂದಲೆಳೆಯಂಥ ಬಿರುಕು ಮೊದಲು ಅಂಚಿನಲ್ಲಿ ಕಾಣಿಸುತ್ತದೆ, ಆಮೇಲೆ ಒಂದು ಚಕ್ಕೆ ಏಳುತ್ತದೆ. ಅದಕ್ಕೇ ಬಿಲ್ಲೆಗೂ ಗ್ರಿಲ್ಲಿಗೂ ನಡುವೆ ತೆಳ್ಳನೆಯ ರಬ್ಬರ್ ಕೊಡಬೇಕು. ನಟ್ಟು ತಾಗಿದ ಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು, ಅಲ್ಲಿಗೆ ನಿಲ್ಲಿಸಿಬಿಡಬೇಕು. ಕೈಯಲ್ಲಿ ಸ್ಪ್ಯಾನರ್ ಇದ್ದಾಗ ನಿಲ್ಲಿಸುವುದು ಎಲ್ಲರಿಂದ ಆಗುವ ಮಾತಲ್ಲ.

ಬೋಲ್ಟ್ ಉದ್ದ ಇದ್ದಷ್ಟೂ ಒಳ್ಳೆಯದು ಅನ್ನುವವರಿದ್ದಾರೆ. ಅವರು ಗ್ರಿಲ್ಲಿನ ಹಿಂದೆ ಒಮ್ಮೆ ಟಾರ್ಚ್ ಬಿಟ್ಟು ನೋಡಲಿ. ಅಲ್ಲೇ ಹತ್ತಿರದಲ್ಲಿ ಎಸಿಯ ಕಂಡೆನ್ಸರ್, ಅದರ ಬೆನ್ನಿಗೇ ರೇಡಿಯೇಟರ್. ಎರಡೂ ತೆಳು ಅಲ್ಯೂಮಿನಿಯಂ. ಮುಂದಿನಿಂದ ಯಾರಾದರೂ ಮೆಲ್ಲಗೆ ತಾಗಿಸಿದರೂ ಗ್ರಿಲ್ ಒಳಕ್ಕೆ ಹೋಗಿ ಬೋಲ್ಟಿನ ತುದಿ ಕಂಡೆನ್ಸರಿಗೆ ಚುಚ್ಚುತ್ತದೆ. ಎಸಿಯ ಗ್ಯಾಸ್ ಪೂರ್ತಿ ಹೋಯಿತು ಅಂತಲೇ ಲೆಕ್ಕ. ನಟ್ಟು ದಾಟಿ ಒಂದೆರಡು ಸುತ್ತು ತಿರುಪು ಉಳಿದರೆ ಸಾಕು, ಮಿಕ್ಕಿದ್ದನ್ನು ಕತ್ತರಿಸಿ.

ಹೊಸ ಕಾರಾದರೆ ಇನ್ನೊಂದು ವಿಷಯ. ಎಷ್ಟೋ ಕಾರುಗಳಲ್ಲಿ ಮುಂದಿನ ವಾಹನದ ದೂರ ಅಳೆಯುವ ರೇಡಾರ್ ಕೂತಿರುವುದು ಗ್ರಿಲ್ಲಿನ ಹಿಂದೆ, ಕೆಲವದರಲ್ಲಂತೂ ಕಂಪನಿಯ ಲಾಂಛನದ ಬೆನ್ನಿಗೇ. ಅದರ ಅಲೆಗಳು 77 ಗಿಗಾಹರ್ಟ್ಸ್ ಆಸುಪಾಸಿನವು. ಪ್ಲಾಸ್ಟಿಕ್ ದಾಟುತ್ತವೆ, ಲೋಹದ ಬಿಲ್ಲೆ ದಾಟುವುದಿಲ್ಲ. ಬೆಳ್ಳಿಯ ಹಾಗೆ ಹೊಳೆಯುವ ಕಂಪನಿ ಲಾಂಛನ ಅಲ್ಲಿ ಹೇಗೆ ನಡೆಯುತ್ತದೆ ಅಂದರೆ, ಅದು ಪ್ಲಾಸ್ಟಿಕ್. ಮೇಲೆ ಅಲೆಗಳಿಗೆ ಅಡ್ಡಿಯಾಗದಷ್ಟು ತೆಳುವಾಗಿ ಇಂಡಿಯಂನಂಥ ಲೋಹದ ಲೇಪ. ಅದರ ಮೇಲೆ ನಮ್ಮ ಹಿತ್ತಾಳೆ ಬಿಲ್ಲೆ ಕೂರಿಸಿದರೆ ಕಾರಿಗೆ ಕಣ್ಣು ಕಟ್ಟಿದಂತಾಗುತ್ತದೆ. ಮೂತಿಯ ನಟ್ಟನಡುವೆಯೇ ಬೇಕು ಅಂತ ಹಟ ಮಾಡದೆ ಪಕ್ಕಕ್ಕೆ ಸರಿಸುವುದು ಲೇಸು.

ಡಬಲ್ ಟೇಪಿನವರನ್ನು ಮರೆತರೆ ಅವರಿಗೆ ಬೇಜಾರಾದೀತು. 3ಎಂನ ವಿಎಚ್‌ಬಿಯಂಥ ಟೇಪು ಸಾಮಾನ್ಯದ್ದಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಸಪಾಟು ಜಾಗ ಬೇಕು, ಎಣ್ಣೆ ಮೇಣ ಇಲ್ಲದ ಹಾಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಬೇಕು, ಒತ್ತಿ ಹಿಡಿಯಬೇಕು, ಪೂರ್ತಿ ಹಿಡಿತ ಬರಲು 72 ಗಂಟೆ ಕಾಯಬೇಕು. ಸಾಯಂಕಾಲ ಅಂಟಿಸಿ ಬೆಳಗ್ಗೆ ಪೈಪ್ ಹಿಡಿದು ಕಾರು ತೊಳೆಯುವವರಿಗೆ ಇದು ಹೇಳಿದ್ದಲ್ಲ. ಪಾಲಿಪ್ರೊಪಿಲೀನ್ ಗ್ರಿಲ್ಲಾದರೆ ಪ್ರೈಮರ್ ಇಲ್ಲದೆ ಸಾಮಾನ್ಯವಾಗಿ ಟೇಪು ನೆಟ್ಟಗೆ ಹಿಡಿಯುವುದಿಲ್ಲ.

ಇಷ್ಟೆಲ್ಲ ಗಟ್ಟಿ ಮಾಡುವ ನಮ್ಮ ಹಟವನ್ನು ಕಾನೂನು ಬೇರೆಯೇ ಕಣ್ಣಿನಿಂದ ನೋಡುತ್ತದೆ. ಕಾರಿನ ಮೈಯಿಂದ ಚಾಚುವ ಭಾಗಗಳ ಬಗ್ಗೆ ವಿಶ್ವಸಂಸ್ಥೆಯ 26ನೇ ನಿಯಮ ಅಂತ ಒಂದಿದೆ. 10 ಮಿಲಿಮೀಟರಿಗಿಂತ ಜಾಸ್ತಿ ಎದ್ದು ನಿಂತ ಅಲಂಕಾರ ಸುಮಾರು 10 ಕಿಲೋ ತೂಕದ ಒತ್ತು ಬಿದ್ದರೆ ಒಳಗೆ ಹೋಗಬೇಕು, ಬಗ್ಗಬೇಕು ಅಥವಾ ಕಳಚಿ ಬೀಳಬೇಕು. ಅಡ್ಡ ಬಂದ ಮನುಷ್ಯನಿಗೆ ಚುಚ್ಚಬಾರದಲ್ವಾ? 1911ರಿಂದ ರೋಲ್ಸ್ ರಾಯ್ಸ್ ಮೂತಿಯ ಮೇಲೆ ನಿಂತಿರುವ ಆ ಬೊಂಬೆ ಹೆಂಗಸೂ ಈಗ ಪೆಟ್ಟು ತಾಗಿದರೆ ಸರಕ್ಕನೆ ಒಳಗೆ ಇಳಿದುಬಿಡುತ್ತಾಳೆ. ಗ್ರಿಲ್ ಮೇಲಿನ ಬಿಲ್ಲೆಗೆ ಈ 10 ಕಿಲೋ ಲೆಕ್ಕದಿಂದ ವಿನಾಯಿತಿ ಇದೆ. ಅಂಚು ಮಾತ್ರ ಚೂಪಾಗಿರಕೂಡದು.

ಕಳ್ಳರ ಲೆಕ್ಕ ಬೇರೆ. ಬೀಸ್ಟಿ ಬಾಯ್ಸ್ ಎಂಬ ಅಮೆರಿಕದ ರ‍್ಯಾಪ್ ತಂಡದ ಒಬ್ಬ ಹಾಡುಗಾರ ಫೋಕ್ಸ್‌ವ್ಯಾಗನ್ ಲಾಂಛನವನ್ನು ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ. 1987ರಲ್ಲಿ ಅವನ ಅಭಿಮಾನಿಗಳು ಊರೂರಲ್ಲಿ ಕಾರುಗಳ ಮೂತಿಯಿಂದ ಲಾಂಛನ ಕಿತ್ತುಕೊಂಡು ಓಡತೊಡಗಿದರು. ಕೊನೆಗೆ ಕಂಪನಿಯೇ ಕಳೆದುಕೊಂಡವರಿಗೆ ಪುಕ್ಕಟೆ ಲಾಂಛನ ಕೊಟ್ಟಿತು. ಗ್ರಿಲ್ಲನ್ನೂ ಪುಕ್ಕಟೆ ಕೊಡುವವರು ಯಾರೂ ಇಲ್ಲ. ಕೀಳಲೇಬೇಕು ಅಂತ ಬಂದವನ ಕೈಗೆ ಬಿಲ್ಲೆ ಸುಲಭವಾಗಿ ಬಾರದಿದ್ದರೆ ಗ್ರಿಲ್ ಸಮೇತ ಬರುತ್ತದೆ. ಅದಕ್ಕೇ ಹಿಂದಿನ ತಗಡಿನ ಪಟ್ಟಿ ಗ್ರಿಲ್ಲಿಗಿಂತ ಮೆತ್ತಗಿರಲಿ ಅನ್ನುತ್ತೇನೆ ನಾನು. ಬೇಕಿದ್ದರೆ ಒಂದು ಸಣ್ಣ ಸ್ಟೀಲ್ ತಂತಿಯನ್ನು ಬೋಲ್ಟಿನಿಂದ ಗ್ರಿಲ್ಲಿನ ಪಟ್ಟಿಗೆ ಸುತ್ತಿಡಿ. ನಟ್ಟು ಬಿಚ್ಚಿಕೊಂಡರೂ ಬಿಲ್ಲೆ ರಸ್ತೆಗೆ ಬೀಳುವುದಿಲ್ಲ, ನೇತಾಡುತ್ತಾ ಗ್ರಿಲ್ಲಿಗೆ ಕಟಕಟ ಬಡಿಯುತ್ತದೆ. ಆ ಸದ್ದು ಕೇಳಿಸಿದಾಗ ಗಾಡಿ ಪಕ್ಕಕ್ಕೆ ಹಾಕಿ.